ಸತು, ಬೆಳ್ಳಿ ಬಣ್ಣ ಮತ್ತು ನನ್ನ ಒಂದು ಸಹಿ

ಅಜ್ಜಿ ಮನೆಯ ಬಾವಿಕಟ್ಟೆ ಮೇಲೆ ಒಂದು ಬಕೆಟ್ ಇರ್ತಿತ್ತು. ಪ್ಲಾಸ್ಟಿಕ್ ಬಕೆಟ್‌ಗಳು ಇನ್ನೂ ನಮ್ಮೂರಿನ ಸಂತೆಗೆ ಬಂದಿರದ ಕಾಲ. ಬೂದು ಬಣ್ಣದ ತಗಡಿನ ಬಕೆಟ್, ಮೈತುಂಬಾ ಮಂಜುಗಡ್ಡೆ ಒಡೆದು ಅಂಟಿಸಿದ ಹಾಗೆ ಹೂವು ಹೂವಿನ ಚಿತ್ತಾರ. ನೀವೂ ನೋಡಿರ್ತೀರಿ. ಆ ಹೂವುಗಳಲ್ಲಿ ಆಕಾರ ಹುಡುಕೋದು ನನ್ನ ಕೆಲಸ. ಇದು ಜಿಂಕೆ, ಇದು ಶ್ರೀಲಂಕಾ, ಇದು ನಮ್ಮ ಹೆಡ್‌ಮಾಸ್ಟರ ಮೂಗು... ಅಜ್ಜಿಗೆ ಆ ಬಕೆಟ್ಟಿನ ಬಗ್ಗೆ ಎರಡೇ ನಿಯಮ. ಒಂದು, ಅದನ್ನ ಕಲ್ಲಿಗೆ ಬಡೀಬಾರದು. ಎರಡು, ಮಜ್ಜಿಗೆ, ಹುಣಸೆಹುಳಿ ಯಾವುದನ್ನೂ ಅದರಲ್ಲಿ ಹಾಕಬಾರದು. "ಹಾಕಿದ್ರೆ ಕುಡಿದವರಿಗೆಲ್ಲ ವಾಂತಿ ಆಗುತ್ತೆ" ಅಂತಿದ್ದಳು. ಯಾಕಜ್ಜಿ ಅಂದ್ರೆ "ಯಾಕೂ ಇಲ್ಲ, ಹಾಗೇ" ಅನ್ನೋದು ಉತ್ತರ.

ಆ ಹೂವು ಸತುವಿನ ಹರಳು, ಹುಳಿಯಲ್ಲಿ ಸತು ಕರಗುತ್ತೆ, ಕರಗಿದ್ದು ಹೊಟ್ಟೆಗೆ ಹೋದರೆ ನಿಜವಾಗಿಯೂ ವಾಂತಿ ಆಗುತ್ತೆ ಅಂತ ನನಗೆ ಗೊತ್ತಾಗೋ ಹೊತ್ತಿಗೆ ಅಜ್ಜಿ ಇರಲಿಲ್ಲ. ಇಂಜಿನಿಯರಿಂಗ್ ಓದಿ, ತುಮಕೂರು ಕಡೆಯ ಒಣಗಾಳಿ ಬಿಟ್ಟು, ಕರಾವಳಿಯ ಒಂದು ಕಾರ್ಖಾನೆಗೆ ಸೇರಿದ್ದೆ. ಕಾರ್ಖಾನೆಯ ಹೆಸರು ಬೇಡ ಬಿಡಿ. ಸಮುದ್ರದಿಂದ ಒಂದೂವರೆ ಕಿಲೋಮೀಟರ್. ಮೊದಲ ಮಳೆಗಾಲದಲ್ಲೇ ನನ್ನ ಟ್ರಂಕಿನ ಬೀಗ, ಬೆಲ್ಟಿನ ಬಕಲ್, ಸೈಕಲ್ ಕಡ್ಡಿ ಎಲ್ಲ ಕೆಂಪಗಾದವು. ನಮ್ಮೂರಲ್ಲಿ ತುಕ್ಕು ಅಂದ್ರೆ ಹಳೇ ಸಾಮಾನಿಗೆ ಬರೋ ಕಾಯಿಲೆ. ಇಲ್ಲಿ ನೋಡಿದ್ರೆ ಹುಟ್ಟಿದ ಮಗುವಿಗೂ ಬರುತ್ತೆ.

ಮೇಲಿನವರು ನನಗೆ ವಹಿಸಿದ ಕೆಲಸ, ಪ್ಲಾಂಟಿನ ಉಕ್ಕಿನ ಏಣಿ, ಕೈಪಿಡಿ ಕಂಬಿ, ಕೇಬಲ್ ಟ್ರೇ, ಪೈಪ್ ರ‍್ಯಾಕ್, ಓಡಾಡೋ ಗ್ರೇಟಿಂಗ್ ಇವನ್ನೆಲ್ಲ ತುಕ್ಕಿನಿಂದ ಉಳಿಸೋದು. ಯಂತ್ರಗಳನ್ನ ನೋಡ್ಕೊಳ್ಳೋಕೆ ಬೇರೆ ದೊಡ್ಡ ದೊಡ್ಡ ಇಂಜಿನಿಯರುಗಳಿದ್ದರು. ಜನ ಕಾಲಿಡೋ ಜಾಗ ಮಾತ್ರ ನನ್ನದು. ಅದೇನು ದೊಡ್ಡ ಕೆಲಸ ಅಂತ ಆಗ ಅನ್ನಿಸಿತ್ತು.

ಸತು ಏನು ಮಾಡುತ್ತೆ ಅನ್ನೋದನ್ನ ಸ್ವಲ್ಪ ಹೇಳಿಬಿಡ್ತೀನಿ, ಇಲ್ಲದಿದ್ರೆ ಮುಂದಿನ ಕಥೆ ಅರ್ಥ ಆಗಲ್ಲ.

ಕಲಾಯಿ ಹಾಕೋನು ಗೊತ್ತಲ್ಲ? ಬೀದಿಯಲ್ಲಿ ತಿದಿ ಒತ್ತಿ ಕೆಂಡ ಮಾಡಿ, ಹಿತ್ತಾಳೆ ಪಾತ್ರೆ ಕಾಯಿಸಿ, ನವಸಾಗರ ಎರಚಿ, ತವರ ಒರೆಸಿ ಫಳಫಳ ಮಾಡಿಕೊಡ್ತಿದ್ದ. ಕಬ್ಬಿಣದ ಮೇಲೆ ಸತು ಹಾಕೋದೂ ಅದೇ ಥರದ್ದು ಅಂತ ನಾನು ಬಹಳ ದಿನ ಅಂದ್ಕೊಂಡಿದ್ದೆ. ಒಂದು ಲೋಹದ ಮೇಲೆ ಇನ್ನೊಂದರ ಹೊದಿಕೆ, ಅಷ್ಟೇ ತಾನೇ? ಅಲ್ಲ. ಕಬ್ಬಿಣದ ಮೇಲೆ ತವರದ ಹೊದಿಕೆ ಬರೀ ಹೊದಿಕೆ. ಡಬ್ಬದ ತಗಡಿನ ಮೇಲಿನ ತವರ ಒಂದು ಕಡೆ ಗೀರಿತು ಅನ್ನಿ, ಹೊರಗೆ ಮಳೆಗೆ ಬಿದ್ದಿದ್ರೆ ಆ ಗೀರಿನಲ್ಲಿ ಕಬ್ಬಿಣ ಇನ್ನೂ ಜೋರಾಗಿ ತುಕ್ಕು ಹಿಡಿಯುತ್ತೆ. ಯಾಕಂದ್ರೆ ಇಬ್ಬರಲ್ಲಿ ಮೊದಲು ಕರಗೋ ಸ್ವಭಾವ ಅಲ್ಲಿ ಕಬ್ಬಿಣದ್ದು. ಸತುವಿನ ಜೊತೆ ಉಲ್ಟಾ. ಹೈಡ್ರೋಜನ್ನಿಗೆ ಹೋಲಿಸಿ ಅಳೆದರೆ ಕಬ್ಬಿಣದ ವಿಭವ ಮೈನಸ್ 0.44 ವೋಲ್ಟ್, ಸತುವಿನದು ಮೈನಸ್ 0.76. ಇಬ್ಬರೂ ಒಂದೇ ನೀರಹನಿಯಲ್ಲಿ ಒದ್ದೆಯಾದಾಗ ಸತು ಮುಂದೆ ಬಂದು ತಾನು ಕರಗಿ, ಕಬ್ಬಿಣಕ್ಕೆ ಎಲೆಕ್ಟ್ರಾನ್ ಕೊಡ್ತಾ ಹೋಗುತ್ತೆ. ಗೀರಿದ ಜಾಗದಲ್ಲೂ ಕಬ್ಬಿಣ ಹಾಗೇ ಉಳಿಯುತ್ತೆ. ಸತು ತುಕ್ಕನ್ನ ನಿಲ್ಲಿಸಲ್ಲ ಸ್ವಾಮಿ, ಕಬ್ಬಿಣದ ಬದಲು ತಾನು ಸವೆಯುತ್ತೆ.

ಗ್ಯಾಲ್ವನೈಸಿಂಗ್ ಅನ್ನೋ ಹೆಸರು ಕಪ್ಪೆ ಕಾಲಿನ ಗ್ಯಾಲ್ವಾನಿಯಿಂದ ಬಂದಿದ್ದು. ಕಾದ ಸತುವಿನಲ್ಲಿ ಅದ್ದುವಾಗ ಕರೆಂಟ್ ಏನೂ ಹಾಯಿಸಲ್ಲ, ಆಮೇಲೆ ಮಳೆಯಲ್ಲಿ ನಿಂತಾಗ ಅದೇ ಪುಟ್ಟ ಬ್ಯಾಟರಿ ಆಗುತ್ತೆ. ಅದ್ದೋ ಉಪಾಯವನ್ನ ಮಾಲೂಯಿನ್ ಅನ್ನೋ ಫ್ರೆಂಚ್ ರಸಾಯನಶಾಸ್ತ್ರಜ್ಞ 1742ರಲ್ಲೇ ಹೇಳಿದ್ದ. ಪೇಟೆಂಟ್ ಪಡೆದು ಧಂದೆಯಾಗಿ ಮಾಡಿದ್ದು ಸೊರೆಲ್, 1837ರಲ್ಲಿ. ಇವರಿಬ್ಬರ ಮಧ್ಯೆ 1824ರಲ್ಲಿ ಹಂಫ್ರಿ ಡೇವಿ ಇಂಗ್ಲೆಂಡಿನ ಯುದ್ಧನೌಕೆಗಳ ತಾಮ್ರದ ತಳಕ್ಕೆ ಸತು, ಕಬ್ಬಿಣದ ತುಂಡು ಕಟ್ಟಿ ನೋಡಿದ. ತಾಮ್ರ ಸವೆಯೋದು ನಿಂತೇಹೋಯ್ತು. ಆದರೆ ತಾಮ್ರ ಕರಗಿ ನೀರಿಗೆ ಸೇರ್ತಿದ್ದಾಗ ಆ ವಿಷಕ್ಕೆ ಹೆದರಿ ದೂರ ಇದ್ದ ಪಾಚಿ, ಚಿಪ್ಪುಹುಳ ಎಲ್ಲ ಬಂದು ತಳಕ್ಕೆ ಅಂಟಿಕೊಂಡು ಹಡಗು ನಿಧಾನ ಆಗಿ, ನೌಕಾಪಡೆಯವರು ಬೇಡ ಅಂದುಬಿಟ್ಟರು. ಪಾಪ ಡೇವಿ :)

ಇನ್ನೊಂದು ವಿಷಯ, ಇದನ್ನ ಹೇಳದೆ ಇರೋಕೆ ಆಗಲ್ಲ. ಸತುವನ್ನ ಅದಿರಿನಿಂದ ತೆಗೆಯೋದು ಬಹಳ ಕಷ್ಟ. 907 ಡಿಗ್ರಿಗೇ ಕುದಿಯುತ್ತೆ, ಅದಿರಿನಿಂದ ಬಿಡಿಸೋಕೆ ಬೇಕಾದ ಬಿಸಿ ಅದಕ್ಕಿಂತ ಹೆಚ್ಚು. ಹಾಗಾಗಿ ಬಿಡಿಸಿದ ತಕ್ಷಣ ಆವಿಯಾಗಿ ಓಡಿಹೋಗುತ್ತೆ, ಗಾಳಿ ತಾಗಿದರೆ ಬಿಳಿ ಪುಡಿ. ಅದನ್ನ ಬದನೆಕಾಯಿ ಆಕಾರದ ಮಣ್ಣಿನ ಮೂಸೆಗಳನ್ನ ತಲೆಕೆಳಗಾಗಿ ಇಟ್ಟು, ಆವಿಯನ್ನ ಕೆಳಮುಖವಾಗಿ ಇಳಿಸಿ ತಣಿಸಿ ಹಿಡಿದವರು ರಾಜಸ್ಥಾನದ ಉದಯಪುರದ ಹತ್ತಿರ ಇರೋ ಜಾವರ್‌ನವರು. ಯುರೋಪಿಗಿಂತ ನೂರಾರು ವರ್ಷ ಮೊದಲು. ಆ ಕಡೆ ಹಳೇ ಮನೆಗಳ ಗೋಡೆಗೆ ಇಟ್ಟಿಗೆ ಬದಲು ಸುಟ್ಟ ಮೂಸೆಗಳನ್ನೇ ಜೋಡಿಸಿದ್ದಾರೆ.

ಇರಲಿ. ವಿಷಯಕ್ಕೆ ಬರ್ತೀನಿ.

ಮೊದಲ ಸಲ ಗ್ಯಾಲ್ವನೈಸಿಂಗ್ ಯಾರ್ಡ್ ನೋಡಿದ್ದು 2003ರಲ್ಲಿ. ನಮ್ಮ ಕಾರ್ಖಾನೆಯಲ್ಲಿ ಹೊಸ ಕೂಲಿಂಗ್ ಟವರ್ ಕಟ್ತಿದ್ರು, ಅದರ ಸುತ್ತ ಬರೋ ವೇದಿಕೆಯ ಉಕ್ಕನ್ನ ಅಲ್ಲಿಗೆ ಕಳಿಸಿದ್ವಿ. ತಪಾಸಣೆಗೆ ನಾನು. ಒಳಗೆ ಕಾಲಿಡ್ತಿದ್ದ ಹಾಗೇ ಆಸಿಡ್ ವಾಸನೆಗೆ ಗಂಟಲು ಕೆರೆಯೋಕೆ ಶುರು. ಸಾಲಾಗಿ ತೊಟ್ಟಿಗಳು. ಒಂದರಲ್ಲಿ ಎಣ್ಣೆ ಜಿಡ್ಡು ತೆಗೆಯೋ ಕ್ಷಾರ, ಆಮೇಲೆ ತುಕ್ಕು ತಿನ್ನೋ ಹೈಡ್ರೋಕ್ಲೋರಿಕ್ ಆಸಿಡ್, ಆಮೇಲೆ ನೀರು, ಆಮೇಲೆ ಸತು ಮತ್ತು ಅಮೋನಿಯಂ ಕ್ಲೋರೈಡಿನ ಫ್ಲಕ್ಸ್. (ಅಮೋನಿಯಂ ಕ್ಲೋರೈಡ್ ಅಂದ್ರೆ ನಮ್ಮ ಕಲಾಯಿಯವನ ಅದೇ ನವಸಾಗರ! ನನಗೆ ಹಳೇ ನೆಂಟರು ಸಿಕ್ಕಷ್ಟು ಖುಷಿ ಆಯ್ತು.) ಕೊನೆಗೆ ಆ ದೊಡ್ಡ ಕಡಾಯಿ. ಸತು 420 ಡಿಗ್ರಿ ಹತ್ತಿರ ಕರಗುತ್ತೆ, ಕಡಾಯಿಯನ್ನ ಸುಮಾರು 450ರಲ್ಲಿ ಇಟ್ಟಿರ್ತಾರೆ. ಮೇಲೆ ಕೆನೆ ಕಟ್ಟಿದ ಹಾಗೆ ಬೂದು ಬಣ್ಣದ ಬೂದಿ. ಇಬ್ಬರು ಉದ್ದ ಹಲಗೆಯಲ್ಲಿ ಆ ಬೂದಿ ಸರಿಸ್ತಾರೆ, ಕೆಳಗಿಂದ ಕನ್ನಡಿ ಕಾಣುತ್ತೆ. ಎರಡು ಕ್ಷಣ ಅಷ್ಟೇ, ಮತ್ತೆ ಮಬ್ಬು.

ಅಲ್ಲಿನ ಮೇಸ್ತ್ರಿ ನಮ್ಮ ಡ್ರಾಯಿಂಗ್ ನೋಡಿ ಮೊದಲು ಕೇಳಿದ್ದು ಉಕ್ಕಿನ ಗ್ರೇಡ್ ಅಲ್ಲ, ತೂಕ ಅಲ್ಲ. "ತೂತು ಎಲ್ಲಿ ಸಾರ್?"

ನಮ್ಮ ಕಂಬಿಗಳು ಕೊಳವೆ, ಎರಡೂ ತುದಿ ಮುಚ್ಚಿ ವೆಲ್ಡ್ ಮಾಡಿದ್ವಿ. ಚೆನ್ನಾಗಿ ಕಾಣಲಿ ಅಂತ. ಅವರು ಅದನ್ನ ಪಕ್ಕಕ್ಕೆ ಎಳೆಸಿಬಿಟ್ಟರು. ಮುಚ್ಚಿದ ಕೊಳವೆಯೊಳಗೆ ಒಂದು ಚಮಚ ನೀರು ಸಿಕ್ಕಿಹಾಕ್ಕೊಂಡಿದ್ರೂ ಸಾಕು, 450 ಡಿಗ್ರಿಯಲ್ಲಿ ಮುಳುಗಿದ ಕೂಡಲೇ ಆವಿಯಾಗಿ ಸಾವಿರಾರು ಪಟ್ಟು ಹಿಗ್ಗೋಕೆ ನೋಡುತ್ತೆ, ಕೊಳವೆ ಬಾಂಬ್ ಥರ ಸಿಡಿಯುತ್ತೆ, ಜೊತೆಗೆ ಕರಗಿದ ಸತು ಎರಚುತ್ತೆ. ತೂತು ಕೊರೆದ ಮೇಲೇ ಅದ್ದಿದ್ದು. ಸತುವಿನ ಕೆಲಸ ಕಡಾಯಿಯ ಹತ್ತಿರ ಅಲ್ಲ, ಡ್ರಾಯಿಂಗ್ ಬೋರ್ಡಿನ ಹತ್ತಿರ ಶುರುವಾಗುತ್ತೆ ಅಂತ ಯಾವ ಪ್ರೊಫೆಸರೂ ನನಗೆ ಹೇಳಿರಲಿಲ್ಲ.

ಅದ್ದುವಾಗ ನೋಡೋಕೆ ಎಷ್ಟು ಚೆನ್ನ ಅಂತೀರಿ! ಉಕ್ಕು ಒಳಗೆ ಹೋಗ್ತಿದ್ದ ಹಾಗೇ ಕೊತಕೊತ ಸದ್ದು, ದಟ್ಟ ಬಿಳಿ ಹೊಗೆ. ಒಂದಷ್ಟು ನಿಮಿಷ ಹಾಗೇ ಕುದ್ದು ಕುದ್ದು ಆಮೇಲೆ ಸುಮ್ಮನಾಗುತ್ತೆ. "ಈಗ ಬೆಂತು" ಅಂದ್ರು ಮೇಸ್ತ್ರಿ, ಅನ್ನದ ಬಗ್ಗೆ ಹೇಳಿದ ಹಾಗೆ. ನಿಜಕ್ಕೂ ಬೇಯೋದೇ ಅದು. ಕಬ್ಬಿಣ, ಸತು ಎರಡೂ ಬೆರೆತು ಮಿಶ್ರಲೋಹದ ಪದರಗಳು ಒಂದರ ಮೇಲೊಂದು ಬೆಳೆಯುತ್ತವೆ, ಮೇಲ್ಗಡೆ ಶುದ್ಧ ಸತು. ಒಳಪದರಗಳು ಸಾಮಾನ್ಯ ಉಕ್ಕಿಗಿಂತ ಗಟ್ಟಿ. ಬಣ್ಣ ಉಕ್ಕಿನ ಮೇಲೆ ಕೂತಿರುತ್ತೆ, ಸತು ಹಾಗಲ್ಲ, ಉಕ್ಕಿನೊಳಗೆ ಬೇರು ಬಿಟ್ಟಿರುತ್ತೆ.

ಅವತ್ತು ಮೇಸ್ತ್ರಿ ತೋರಿಸಿದ ಇನ್ನೊಂದು ವಿಷಯ ಈ ಬರಹಕ್ಕೆ ಮುಖ್ಯ. ಹೊರಗೆ ಬಂದ ಒಂದು ಆಂಗಲ್ ಮೇಲೆ ಅಂಗೈಯಗಲ ಕಪ್ಪು ಕಲೆ. ಸತು ಅಲ್ಲಿ ಹತ್ತೇ ಇಲ್ಲ. ಯಾರೋ ನಂಬರ್ ಬರೆದಿದ್ದ ಆಯಿಲ್ ಪೇಂಟ್ ಆಸಿಡ್ಡಿಗೂ ಹೋಗಿರಲಿಲ್ಲ. "ಇದಕ್ಕೆ ಸುಳ್ಳು ಹೇಳೋಕಾಗಲ್ಲ ಸಾರ್. ಕೊಳೆ ಇದ್ರೆ ಹತ್ತಲ್ಲ, ಎಲ್ಲರ ಎದುರಿಗೇ ತೋರಿಸಿಬಿಡುತ್ತೆ. ಪೇಂಟು ಹಂಗಲ್ಲ, ಸಗಣಿ ಮೇಲೂ ಕೂರುತ್ತೆ" ಅಂದ್ರು. ನಕ್ಕಿದ್ದೆ.

ಮಾಲು ಸೈಟಿಗೆ ಬಂತು. ಅಳೆದು ನೋಡಿದೆ. ನಮ್ಮ ಐಎಸ್ 4759 ಪ್ರಕಾರ 5 ಮಿ.ಮೀ. ಮತ್ತು ಅದಕ್ಕಿಂತ ದಪ್ಪದ ಉಕ್ಕಿಗೆ ಚದರ ಮೀಟರಿಗೆ 610 ಗ್ರಾಂ ಸತು ಇರಬೇಕು, ಅಂದ್ರೆ ಸುಮಾರು 85 ಮೈಕ್ರಾನ್. ತಲೆಕೂದಲಿನ ದಪ್ಪ ಅಷ್ಟೇ! ಅಷ್ಟರಲ್ಲಿ ಎಷ್ಟು ವರ್ಷ ಅನ್ನೋದು ಊರಿನ ಮೇಲೆ ನಿಂತಿದೆ. ಐಎಸ್‌ಒ 9223ರಲ್ಲಿ ಹವೆಯನ್ನ ವರ್ಗ ಮಾಡಿದ್ದಾರೆ. ಒಣ ಒಳನಾಡಿನ ಕಡಿಮೆ ತುಕ್ಕಿನ ವರ್ಗದಲ್ಲಿ ಸತು ವರ್ಷಕ್ಕೆ 0.7 ಮೈಕ್ರಾನ್ ಕೂಡ ಸವೆಯಲ್ಲ, ಅಂದ್ರೆ 85 ಮೈಕ್ರಾನ್ ನೂರು ವರ್ಷ ದಾಟುತ್ತೆ. ಉಪ್ಪುಗಾಳಿಯ ಸಿ5 ಅನ್ನೋ ವರ್ಗದಲ್ಲಿ ವರ್ಷಕ್ಕೆ 4.2ರಿಂದ 8.4 ಮೈಕ್ರಾನ್, ಹತ್ತರಿಂದ ಇಪ್ಪತ್ತು ವರ್ಷ. ಕಮ್ಮಿ ಅನ್ನಿಸಿತಾ? ಅದೇ ಹವೆಯಲ್ಲಿ ಬರಿಮೈ ಉಕ್ಕು ಮೊದಲ ವರ್ಷ 80ರಿಂದ 200 ಮೈಕ್ರಾನ್ ಕಳ್ಕೊಳ್ಳುತ್ತೆ.

ಸತು ಎಲ್ಲದಕ್ಕೂ ಮದ್ದು ಅಂತಲ್ಲ. ಆಸಿಡ್ ಹೊಗೆ ಇರೋ ಕಡೆ ಅಜ್ಜಿಯ ಮಜ್ಜಿಗೆ ನಿಯಮವೇ. 200 ಡಿಗ್ರಿ ಮೇಲೆ ಸದಾ ಕಾಯ್ತಾ ಇರೋ ಸಾಮಾನಿನ ಮೇಲಿಂದ ಸತು ಸಿಪ್ಪೆ ಏಳುತ್ತೆ. ಕೆಲವು ಥರದ ನೀರಿನಲ್ಲಿ, 60 ಡಿಗ್ರಿ ದಾಟಿದರೆ ಸತು ಕಬ್ಬಿಣ ಎರಡರ ಪಾತ್ರ ಅದಲುಬದಲಾಗಿ, ಕಾಯಬೇಕಾದವನೇ ಕಳ್ಳನಾಗ್ತಾನೆ. ಮತ್ತೆ ಹೊಸ ಸತುವಿಗೆ ಗಾಳಿ ಬೇಕು. ಗಾಳಿಯ ಇಂಗಾಲದ ಡೈಆಕ್ಸೈಡ್ ಸೇರಿ ಮೈಮೇಲೆ ಗಟ್ಟಿ ಕಾರ್ಬೋನೇಟ್ ಪೊರೆ ಕಟ್ಟಿದ ಮೇಲೇ ಅದು ನಿಧಾನಕ್ಕೆ ಸವೆಯೋದು. ಇದು ಗೊತ್ತಿಲ್ಲದೆ ಆ ಜೂನ್‌ನಲ್ಲಿ ನಾನು ಬಂದ ಮಾಲನ್ನೆಲ್ಲ ಬಿಗಿಯಾಗಿ ಟಾರ್ಪಾಲು ಸುತ್ತಿಸಿ "ಮಳೆಯಿಂದ ಕಾಪಾಡಿದೆ" ಅಂತ ಬೀಗ್ತಿದ್ದೆ. ಹದಿನೈದು ದಿನ ಬಿಟ್ಟು ತೆಗೆದರೆ ಸುಣ್ಣ ಬಳಿದ ಹಾಗೆ ಬಿಳಿ ತುಕ್ಕು! ಮನೆಗೆ ಜಿಂಕ್ ಶೀಟ್ ತಂದು ಮಳೆಗಾಲದಲ್ಲಿ ಒಂದರ ಮೇಲೊಂದು ಒತ್ತೊತ್ತಾಗಿ ಪೇರಿಸಿಡೋರು ದಯವಿಟ್ಟು ನೆನಪಿಟ್ಕೊಳ್ಳಿ. ಮಧ್ಯೆ ರೀಪು ಕೊಟ್ಟು, ಓರೆಯಾಗಿ, ಗಾಳಿಯಾಡೋ ಹಾಗೆ ಇಡಿ.

ಬಿಳಿ ತುಕ್ಕನ್ನ ಉಜ್ಜಿ ತೆಗೆದ್ವಿ, ಒಳಗೆ ಸತು ಇನ್ನೂ ಸಾಕಷ್ಟಿತ್ತು. ತೊಂದರೆ ಬಂದಿದ್ದು ಅಲ್ಲಲ್ಲ.

2004ರ ಕೊನೆಯಲ್ಲಿ ವೇದಿಕೆ ಕೂರಿಸ್ತಿದ್ದಾಗ ಕೂಲಿಂಗ್ ಟವರಿನ ಒಂದು ನೀರಿನ ಪೈಪು ಡ್ರಾಯಿಂಗಿನಲ್ಲಿದ್ದ ಜಾಗಕ್ಕಿಂತ ಒಂದು ಅಡಿ ಆಚೆ ಬಂತು. ಯಾರ ತಪ್ಪೋ, ಆಮೇಲೆ ಯಾರೂ ಒಪ್ಪಲಿಲ್ಲ. ಅಲ್ಲಿ ಆಗಲೇ ಗ್ರೇಟಿಂಗ್ ಇತ್ತು. 3 ಮಿ.ಮೀ. ದಪ್ಪದ ಪಟ್ಟಿಗಳನ್ನ ಅಂಚಿನ ಮೇಲೆ ನಿಲ್ಲಿಸಿ ಜಾಲರಿಯಂತೆ ಹೆಣೆದ ನೆಲ. ಗುತ್ತಿಗೆದಾರರ ಹುಡುಗರು ಗ್ಯಾಸ್ ಕಟರ್ ತಂದು ಅರ್ಧಚಂದ್ರ ಕತ್ತರಿಸಿ ಪೈಪು ತೂರಿಸಿದರು. ಕತ್ತರಿಸಿದ ಪಟ್ಟಿಗಳಿಗೆ ಆಧಾರ ಬೇಕಲ್ಲ, ಕೆಳಗೆ ಒಂದು ಆಂಗಲ್ ಕೊಟ್ಟು ವೆಲ್ಡ್ ಮಾಡಿದರು. ವೆಲ್ಡರ್ ಮೊದಲು ಗ್ರೈಂಡರ್ ಹಿಡಿದು ಆ ಜಾಗದ ಸತುವನ್ನೆಲ್ಲ ಉಜ್ಜಿ ತೆಗೆದ. ಅದು ಸರಿಯಾದ ಕ್ರಮವೇ. ಸತುವಿನ ಮೇಲೇ ವೆಲ್ಡ್ ಮಾಡಿದರೆ ಬಿಳಿ ಹೊಗೆ ಕುಡಿದು ಸಂಜೆಗೆ ಚಳಿಜ್ವರ ಬರುತ್ತೆ, ಒಂದೆರಡು ದಿನದಲ್ಲಿ ಇಳಿಯುತ್ತೆ. ಹಾಲು ಕುಡಿದರೆ ಬರಲ್ಲ ಅನ್ನೋದು ವೆಲ್ಡರುಗಳ ನಂಬಿಕೆ. ಹೊಗೆ ಕುಡಿಯದಿದ್ರೆ ಬರಲ್ಲ ಅನ್ನೋದು ನನ್ನ ನಂಬಿಕೆ.

ಅಂತೂ ಉಜ್ಜಿದ್ದಷ್ಟು, ಸುಟ್ಟಿದ್ದಷ್ಟು, ಕತ್ತರಿಸಿದ ತುದಿಗಳಷ್ಟು ಜಾಗ ಬರಿಮೈ ಆಯ್ತು. ಗೀರು ಬಿದ್ದರೆ ಪಕ್ಕದ ಸತು ಕಾಪಾಡುತ್ತೆ ಅಂದೆನಲ್ಲ, ಆ ಕೈ ಬಹಳ ಗಿಡ್ಡ. ಗಾಳಿಯಲ್ಲಿ ನಿಂತ ಉಕ್ಕಿನ ಮೇಲೆ ಕೆಲವೇ ಮಿಲಿಮೀಟರ್ ಮುಟ್ಟುತ್ತೆ. ಬೆರಳಗಲ ಬರಿಮೈ ಇದ್ದರೆ ಮಧ್ಯದ ಭಾಗಕ್ಕೆ ದಿಕ್ಕಿಲ್ಲ. ಅಲ್ಲಿಗೆ ಹಚ್ಚಬೇಕಾದ್ದು ಸತುಭರಿತ ಪೇಂಟ್. ಒಣಗಿದ ಮೇಲೆ ತೂಕದಲ್ಲಿ ಐದರಲ್ಲಿ ನಾಲ್ಕು ಪಾಲಾದರೂ ಸತುವಿನ ಪುಡಿಯೇ ಇರೋ ಹಾಗೆ ಮಾಡಿರ್ತಾರೆ, ಕಣಕ್ಕೆ ಕಣ ತಾಗಿ, ಉಕ್ಕಿಗೂ ತಾಗಿ, ವಿದ್ಯುತ್ತು ಹರಿಯಲಿ ಅಂತ. ಮೊದಲು ಲೋಹ ಹೊಳೆಯೋವರೆಗೆ ಉಜ್ಜಿ, ಆಮೇಲೆ 100 ಮೈಕ್ರಾನ್ ಆದರೂ ದಪ್ಪಕ್ಕೆ ಹಚ್ಚಬೇಕು. ನೋಡೋಕೆ ಒಣಗಿದ ಸಿಮೆಂಟ್ ಥರ, ಮಂಕು.

ಅವರು ಹಚ್ಚಿದ್ದು ಬೆಳ್ಳಿ ಬಣ್ಣ. ಅಲ್ಯೂಮಿನಿಯಂ ಪೇಂಟ್. ಗೇಟಿಗೆ, ಕಿಟಕಿ ಸರಳಿಗೆ ಹೊಡೀತಾರಲ್ಲ ಅದು. ಹೊಸ ಗ್ಯಾಲ್ವನೈಸಿಂಗ್ ಪಕ್ಕ ಹೇಗೆ ಕೂತಿತ್ತು ಅಂದ್ರೆ, ಎಲ್ಲಿ ಕತ್ತರಿಸಿದ್ದು ಅಂತಲೇ ಗೊತ್ತಾಗದ ಹಾಗೆ ಫಳಫಳ. ಅದರಲ್ಲಿ ಅಲ್ಯೂಮಿನಿಯಂ ಚೂರುಗಳು ರಾಳದೊಳಗೆ ಒಂದಕ್ಕೊಂದು ತಾಗದೆ ತೇಲ್ತಾ ಇರ್ತವೆ. ಬರೀ ಹೊದಿಕೆ, ಕಬ್ಬಿಣದ ಬದಲು ಸವೆಯೋದು ಅದರ ಕೈಲಾಗಲ್ಲ.

ನನಗೆ ಗೊತ್ತಿತ್ತಾ? ಇಪ್ಪತ್ತು ವರ್ಷದಿಂದ ಈ ಪ್ರಶ್ನೆ ಹಾಕ್ಕೊಂಡಿದ್ದೀನಿ. ಗೊತ್ತಿತ್ತು. ಸ್ಪೆಸಿಫಿಕೇಶನ್ನಿನಲ್ಲಿ ಸತುಭರಿತ ಪೇಂಟ್ ಅಂತ ಇದ್ದದ್ದು ನಾನೇ ಬರೆಸಿದ್ದು. ಡಬ್ಬ ತೋರಿಸಿ ಅಂತ ಕೇಳಲಿಲ್ಲ. ಡಿಸೆಂಬರ್ ಮೂವತ್ತೊಂದಕ್ಕೆ ಟವರ್ ಚಾಲೂ ಆಗಬೇಕಿತ್ತು, ಪಟ್ಟಿಯಲ್ಲಿ ನೂರಾ ಎಂಬತ್ತು ಐಟಂ ಬಾಕಿ ಇತ್ತು, ದೂರದಿಂದ ನೋಡಿದೆ, ಬೆಳ್ಳಗೆ ಕಂಡಿತು, ಸಹಿ ಹಾಕಿದೆ.

ಒಂದು ವರ್ಷ ಕಳೀತು. ಗ್ಯಾಲ್ವನೈಸ್ ಆದ ಉಕ್ಕು ವರ್ಷದೊಳಗೆ ಹೊಳಪು ಕಳೆದುಕೊಂಡು ಮೋಡದ ಬಣ್ಣಕ್ಕೆ ತಿರುಗುತ್ತೆ. ಆ ಕಾರ್ಬೋನೇಟ್ ಪೊರೆ ಅದು, ಸತು ಕೆಲಸದಲ್ಲಿದೆ ಅನ್ನೋದಕ್ಕೆ ಗುರುತು. ನಮ್ಮ ವೇದಿಕೆಯೂ ಪೂರ್ತಿ ಮಂಕಾಯ್ತು. ಆ ಅರ್ಧಚಂದ್ರದ ಸುತ್ತ ಮಾತ್ರ ಹೊಸ ನಾಣ್ಯದ ಹಾಗೆ ಹೊಳೀತಾ ಇತ್ತು. ವಾರಕ್ಕೆರಡು ಸಲ ಅದರ ಮೇಲೆ ನಡೆದು ಹೋಗ್ತಿದ್ದೆ. ಒಂದು ಸಲ ನಿಂತು, "ಪರವಾಗಿಲ್ವೇ, ಇಲ್ಲಿ ಇನ್ನೂ ಹೊಸದರ ಹಾಗಿದೆ" ಅಂತ ಜೊತೆಯವನಿಗೆ ಹೇಳಿದ್ದೂ ನೆನಪಿದೆ. ಆ ಹೊಳಪೇ ಸಾಕ್ಷಿ ಆಗಿತ್ತು. ಒಂದು ಡಬ್ಬ ಸರಿಯಾದ ಪೇಂಟು, ಒಂದು ಉಜ್ಜೋ ಬ್ರಷ್ಷು, ಅರ್ಧ ದಿನದ ಕೆಲಸ...

2008ರ ಜುಲೈ. ಎರಡು ದಿನದಿಂದ ಬಿಡದ ಮಳೆ. ಕೂಲಿಂಗ್ ಟವರಿನ ಮೇಲಿಂದ ಗಾಳಿಗೆ ತೂರಿ ಬರೋ ಉಪ್ಪುಪ್ಪು ತುಂತುರು ವರ್ಷಪೂರ್ತಿ ಆ ಮೂಲೆಗೇ ಬೀಳ್ತಿತ್ತು. ಬೆಳಿಗ್ಗೆ ಪಾಳಿಯ ಒಬ್ಬ ಹೆಲ್ಪರ್, ಇಪ್ಪತ್ತಮೂರು ವರ್ಷದ ಹುಡುಗ, ವಾಲ್ವ್ ತಿರುಗಿಸೋಕೆ ಅಂತ ಪೈಪಿನ ಪಕ್ಕ ಕಾಲಿಟ್ಟ. ಪಟ್ಟಿಗಳ ತುದಿ ಆಂಗಲ್ಲಿನಿಂದ ಕಳಚಿ ಗ್ರೇಟಿಂಗ್ ಬಾಗಿಲ ಹಾಗೆ ಕೆಳಗೆ ತೆರೆದುಕೊಳ್ತು. ಪುಣ್ಯಕ್ಕೆ ಎದೆ ಮಟ್ಟದಲ್ಲಿ ಪೈಪು ಇತ್ತು, ಅವನು ಅದನ್ನ ತಬ್ಬಿಕೊಂಡ. ಕೆಳಗೆ ಒಂಬತ್ತು ಮೀಟರ್. ಬಲಗಾಲು ಮಂಡಿಯಿಂದ ಪಾದದವರೆಗೆ ಸೀಳಿತ್ತು, ಮೂಳೆ ಎರಡು ಕಡೆ ಮುರಿದಿತ್ತು.

ಅವತ್ತು ಮಧ್ಯಾಹ್ನ ನಾನು ಅಲ್ಲಿ ಮಂಡಿಯೂರಿ ಕೂತು ಬೆಳ್ಳಿ ಬಣ್ಣವನ್ನ ಸ್ಕ್ರೂಡ್ರೈವರಿನಿಂದ ಮೀಟಿದೆ. ಹಪ್ಪಳದ ಹಾಗೆ ಎದ್ದು ಬಂತು, ಮೇಲ್ಗಡೆ ಇನ್ನೂ ಹೊಳೀತಾ ಇತ್ತು. ಹಿಂದೆ ಕೆಂಪು ಪುಡಿ. 3 ಮಿ.ಮೀ. ಪಟ್ಟಿ ವೆಲ್ಡಿನ ಹತ್ತಿರ ಬ್ಲೇಡಿನಷ್ಟು ತೆಳ್ಳಗಾಗಿತ್ತು. ಅಲ್ಲಿಂದ ಒಂದು ಗೇಣು ಆಚೆ, ಅದೇ ಪಟ್ಟಿ, ಅದೇ ತುಂತುರು, ಅದೇ ನಾಲ್ಕು ಮಳೆಗಾಲ, ಸತು ಇದ್ದ ಕಡೆ ಗೇಜು ಇಟ್ಟರೆ ಇನ್ನೂ 50 ಮೈಕ್ರಾನ್ ತೋರಿಸ್ತು.

ವಿಚಾರಣೆ ಆಯ್ತು. ಗುತ್ತಿಗೆದಾರರು ಬಿಲ್ ತೆಗೆದುಕೊಂಡು ಯಾವತ್ತೋ ಹೋಗಿದ್ದರು. ವರದಿಯಲ್ಲಿ "ತೀವ್ರ ಕರಾವಳಿ ವಾತಾವರಣದಿಂದಾಗಿ" ಅಂತ ಕಾರಣ ಬರೆಯೋಣ ಅನ್ನೋ ಸಲಹೆ ಬಂತು. ಸುಳ್ಳೇನೂ ಅಲ್ಲ. ಆದರೆ ಆ ವಾತಾವರಣ 2004ರಲ್ಲೂ ಇತ್ತು, ಅದಕ್ಕೇ ತಾನೇ ಸತು ಹಾಕಿಸಿದ್ದು? ನಾನು ನನ್ನ ಸಹಿ ಇದ್ದ ಹಾಳೆಯ ಪ್ರತಿ ಸೇರಿಸಿ ಕೊಟ್ಟೆ. ನನಗೆ ಒಂದು ಇನ್‌ಕ್ರಿಮೆಂಟ್ ಹೋಯ್ತು. ಹುಡುಗನಿಗೆ ಎರಡು ಆಪರೇಷನ್, ಏಳು ತಿಂಗಳು ಮನೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡೋಕೆ ನನಗೆ ನಾಚಿಕೆ. ಆಸ್ಪತ್ರೆಗೆ ಹೋದಾಗ ಅವನ ಅಮ್ಮ ನನಗೆ ಕಾಫಿ ತರಿಸಿದ್ದರು, ಸಾಹೇಬ್ರು ನೋಡೋಕೆ ಬಂದಿದ್ದಾರೆ ಅಂತ. ಕುಡಿದೆ. ಹೇಳಬೇಕು ಅಂದ್ಕೊಂಡು ಹೋಗಿದ್ದನ್ನ ಅವತ್ತು ಹೇಳೋಕಾಗಲಿಲ್ಲ. ಮೂರನೇ ಸಲ ಹೋದಾಗ ಅವನಿಗೆ ಮಾತ್ರ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನನಗೂ ಅಲ್ಲಿ ಹೊಸತು ಹಾಕಿದ್ದಾರೆ ಅಂತ್ಲೇ ಕಂಡದ್ದು ಸರ್, ಅದಕ್ಕೇ ಅಲ್ಲಿ ಧೈರ್ಯದಲ್ಲಿ ಕಾಲು ಇಟ್ಟದ್ದು" ಅಂದ.

ಆ ಮಾತಿಗೆ ನನ್ನ ಹತ್ತಿರ ಇವತ್ತಿಗೂ ಉತ್ತರ ಇಲ್ಲ.

ಆ ವರ್ಷ ಡಿಸೆಂಬರಿನಲ್ಲಿ ಆ ಬದಿಯ ವೇದಿಕೆ ಪೂರ್ತಿ ಬಿಚ್ಚಿಸಿದ್ವಿ. ಈ ಸಲ ಪೈಪು ಹಾಯೋ ಜಾಗವನ್ನ ಸೈಟಿನಲ್ಲಿ ಅಳೆದು, ಡ್ರಾಯಿಂಗಿಗೆ ಹಾಕಿ, ಕತ್ತರಿಸೋದು, ವೆಲ್ಡ್ ಮಾಡೋದು, ತೂತು ಕೊರೆಯೋದು ಎಲ್ಲ ಮುಗಿದ ಮೇಲೇ ಸತುವಿಗೆ ಅದ್ದಿಸಿದ್ದು. ಪಟ್ಟಿ 5 ಮಿ.ಮೀ. ಸೈಟಿನಲ್ಲಿ ಬರೀ ಬೋಲ್ಟು, ಅದೂ ಬಿಸಿ ಸತುವಿನಲ್ಲಿ ಅದ್ದಿದ ಬೋಲ್ಟು. ಅಂಗಡಿಯಲ್ಲಿ ಸಿಗೋ ಹಳದಿ ಮಿಂಚಿನ ಪ್ಲೇಟಿಂಗ್ ಬೋಲ್ಟಿನ ಮೇಲೆ ಸತು ಹತ್ತು ಮೈಕ್ರಾನ್ ಆಸುಪಾಸು ಇರುತ್ತೆ ಅಷ್ಟೇ, ನಮ್ಮೂರ ಕಡೆಗೆ ಸರಿ, ಇಲ್ಲಿಗೆ ಅಲ್ಲ. ಇಡೀ ಪ್ಲಾಂಟಿನಲ್ಲಿ ಬೆಳ್ಳಗೆ ಹೊಳೆಯೋ ಜಾಗ ಹುಡುಕ್ತಾ ಮೂರು ತಿಂಗಳು ಅಲೆದೆ. ನಲವತ್ತೊಂದು ಸಿಕ್ಕವು. ಒಂದೊಂದನ್ನೂ ಕೆರೆಸಿ ನೋಡಿದೆ. ಹನ್ನೊಂದು ಕಡೆ ಒಳಗೆ ಕೆಂಪು.

ಆಮೇಲೆ ನಾನು ಬೇರೆ ಕಡೆ ಹೋದೆ. 2024ರ ನವೆಂಬರಿನಲ್ಲಿ ಯಾವುದೋ ಕೆಲಸಕ್ಕೆ ಅದೇ ಕಾರ್ಖಾನೆಗೆ ಹೋಗಬೇಕಾಗಿ ಬಂತು. ಊಟದ ಸಮಯದಲ್ಲಿ ಗೇಜು ಕೇಳಿ ಇಸ್ಕೊಂಡು ಟವರ್ ಹತ್ತಿದೆ. ಅಲ್ಲಿನ ಚಿಕ್ಕ ವಯಸ್ಸಿನ ಇಂಜಿನಿಯರ್ ಒಬ್ಬಳು ಜೊತೆಗೆ ಬಂದಳು. 2008ರ ಅಳತೆಗಳು ನನ್ನ ಡೈರಿಯಲ್ಲಿದ್ದವು. ಟವರಿನಿಂದ ದೂರದ ಬದಿಯ ಕಂಬಿ ಕಾಲಿನ ಮೇಲೆ ಆಗ 98 ಇದ್ದದ್ದು ಈಗ 61. ತುಂತುರು ಬೀಳೋ ಮೂಲೆಯ ಗ್ರೇಟಿಂಗ್ ಮೇಲೆ ಆಗ 104, ಈಗ 30. ಒಂದೇ ವೇದಿಕೆಯ ಎರಡು ತುದಿ, ಒಂದು ಕಡೆ ವರ್ಷಕ್ಕೆ ಎರಡೂಕಾಲು ಮೈಕ್ರಾನಿನ ಲೆಕ್ಕ, ಇನ್ನೊಂದು ಕಡೆ ನಾಲ್ಕೂವರೆ ದಾಟಿದೆ. ಮೂಲೆಯದಕ್ಕೆ ಇನ್ನು ಐದಾರು ವರ್ಷ, ಅದೂ ತೆಳುವಾದ ಜಾಗಗಳನ್ನ ಬಿಟ್ಟು. 2028ರೊಳಗೆ ಬದಲಾಯಿಸಿ ಅಂತ ಆ ಹುಡುಗಿಗೆ ಹೇಳಿದೆ. ಅವಳು ಮೊಬೈಲಿನಲ್ಲಿ ಬರ್ಕೊಂಡು, ಬಗ್ಗಿ ಒಂದು ಬೋಲ್ಟಿನ ಸುತ್ತ ಇದ್ದ ಹೊಳಪು ಕಲೆಯನ್ನ ಉಗುರಿನಿಂದ ಕೆರೆದು ನೋಡಿದಳು. ಹಕ್ಕಿ ಹಿಕ್ಕೆ. ಇಬ್ಬರೂ ನಕ್ಕೆವು.

ಇಳಿಯುವಾಗ ಅವನು ಸಿಕ್ಕಿದ. ಈಗ ಸ್ಟೋರಿನಲ್ಲಿದ್ದಾನೆ, ಮಗಳು ಪಿಯುಸಿಯಂತೆ. ನಡೆಯುವಾಗ ಬಲಗಾಲು ಸ್ವಲ್ಪ ಎಳೆಯುತ್ತೆ. ಕ್ಯಾಂಟೀನಿಗೆ ಹೋಗೋ ದಾರಿಯಲ್ಲಿ ಒಂದು ಕಾಲುವೆ ಮೇಲೆ ಗ್ರೇಟಿಂಗ್ ಹಾಸಿದ್ದಾರೆ, ಕೆಳಗೆ ಎರಡಡಿ ಆಳವೂ ಇಲ್ಲ. ಮಾತಾಡ್ತಾ ಮಾತಾಡ್ತಾನೇ ಅವನು ಒಂದು ಕ್ಷಣ ಕೆಳಗೆ ನೋಡಿ, ಆಧಾರದ ತೊಲೆ ಎಲ್ಲಿದೆ ಅಂತ ಗುರುತು ಹಿಡಿದು, ಅದರ ಗೆರೆಯ ಮೇಲೇ ಹೆಜ್ಜೆ ಇಟ್ಟುಕೊಂಡು ದಾಟಿದ. ಹಿಂದಿದ್ದ ನಾನೂ ಅದೇ ಗೆರೆಯ ಮೇಲೆ ದಾಟಿದೆ.